ಅಕ್ಕನ ಮಾತು ತಮ್ಮನ ಬಾಯಲ್ಲಿ

ತಿಪಟೂರಿನಿಂದ ಹೊರಡುವಾಗ ನನ್ನ ಹೆಂಡತಿ ಬುತ್ತಿಯ ಜೊತೆಗೆ ಒಂದು ಬುದ್ಧಿಮಾತನ್ನೂ ಕಟ್ಟಿಕೊಟ್ಟಳು. "ಹೋದಲ್ಲಿ ಪಾಮಾಯಿಲ್ ಪುರಾಣ ಬಿಚ್ಚಬೇಡಿ." ನಾನು ಕೊಬ್ಬರಿ ವ್ಯಾಪಾರಿ. ಹಡಗಿನಲ್ಲಿ ಬರುವ ತಾಳೆ ಎಣ್ಣೆಗೆ ಸುಂಕ ಏರಿಸದ ಸರ್ಕಾರವನ್ನು ಬೈಯುವುದು ನನಗೆ ಎಲೆ ಅಡಿಕೆಯಷ್ಟೇ ಹಳೆಯ ಚಟ. ಈಚೆಗೆ ಕೊಬ್ಬರಿಯ ಬೆಲೆ ಪರವಾಗಿಲ್ಲ, ಚಟ ಮಾತ್ರ ಹೋಗಿಲ್ಲ.

ಹೊರಟದ್ದು ಸಿದ್ದೇಗೌಡರ ಮನೆಗೆ. ಕಾಶಿಯ ರೈಲಿನಲ್ಲಿ ಎದುರು ಬರ್ತಿನಲ್ಲಿದ್ದ ಗೌಡರು ಚಕ್ಕುಲಿ ಹಂಚಿ ಸ್ನೇಹ ಮಾಡಿಕೊಂಡವರು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಹೋದ ತಿಂಗಳು ಫೋನ್ ಮಾಡಿ, "ಸಾವ್ಕಾರ್ರೇ, ನಂಗೂ ನಮ್ಮಕ್ಕಂಗೂ ಒಂದು ವಾದ ಅದೆ. ನಮ್ಮೂರ ಕಟ್ಟಳೇಲಿ ಒರಗಿನೋರು ಒಬ್ರು ಕೂತ್ಕೋಬೇಕು. ನೀವ್ ಬರ್ಬೇಕು" ಎಂದರು. ವಾದ ಯಾವುದರ ಮೇಲೆ ಎಂದೆ. "ಚೀನಾ ರೇಸ್ಮೆ ಮ್ಯಾಲೆ" ಎಂದರು.

ವಿಷಯ ಇಷ್ಟು. ಅಕ್ಕ ಜಯಮ್ಮ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹಳ್ಳದ ಪಕ್ಕದ ತುಂಡು ಭೂಮಿಯಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆಹುಳ ಸಾಕುತ್ತಿದ್ದಾರೆ. ಭೂಮಿ ತಮ್ಮನ ಹೆಸರಿನಲ್ಲಿದೆ. ಚೀನಾದ ನೂಲು ಅಗ್ಗವಾಗಿ ಬಂದಾಗಲೆಲ್ಲ ಗೂಡಿನ ಬೆಲೆ ಕುಸಿಯುತ್ತದೆ. ಆ ತೋಟ ಕಿತ್ತು ಕೇರಳದ ಶುಂಠಿ ಬೆಳೆಗಾರನೊಬ್ಬನಿಗೆ ಗುತ್ತಿಗೆ ಕೊಡಬೇಕೆಂಬುದು ತಮ್ಮನ ಆಸೆ. ಕೂಡದೆಂಬುದು ಅಕ್ಕನ ಹಟ. ಪರದೇಶದ ಮಾಲನ್ನು ಬೈಯಲು ಹೀಗೆ ಕರೆದು ಕೂರಿಸುವವರು ಸಿಕ್ಕರೆ ನಾನು ಬಿಡುತ್ತೇನೆಯೇ? ಹೆಂಡತಿಯ ಮಾತನ್ನು ಬುತ್ತಿಯ ಅಡಿಯಲ್ಲಿಟ್ಟು ಬಸ್ಸು ಹತ್ತಿದೆ.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಕೆ.ಆರ್. ನಗರ ತಲುಪಿದೆ. ಡಿಸೆಂಬರಿನ ಬಿಸಿಲು ಹಿತವಾಗಿತ್ತು. ಚುಂಚನಕಟ್ಟೆಯ ರಸ್ತೆಯಲ್ಲಿ ಅರ್ಧ ಟಾರು ವಾಹನಗಳಿಗೆ, ಇನ್ನರ್ಧ ಭತ್ತಕ್ಕೆ. ಒಣಹಾಕಿದ ಭತ್ತವನ್ನು ಕಾಲಿನಿಂದ ಸಾಲು ಬಿಡಿಸುತ್ತಾ ನಡೆಯುತ್ತಿದ್ದ ಹೆಂಗಸರನ್ನು ಬಸ್ಸಿನವರು ಹಾರನ್ ಹೊಡೆಯದೆ ಸುತ್ತಿಕೊಂಡು ಹೋದರು. ಅನ್ನಕ್ಕೆ ಇಷ್ಟು ಮರ್ಯಾದೆ ಕೊಡುವ ಡ್ರೈವರುಗಳನ್ನು ನಾನು ಬೇರೆ ಕಡೆ ಕಂಡಿಲ್ಲ.

ಅಲ್ಲಿನ ಒಂದು ಅಕ್ಕಿ ಗಿರಣಿಯ ಮಾಲೀಕರು ನನಗೆ ವ್ಯಾಪಾರದಿಂದ ಪರಿಚಯ. ಅವರ ಮನೆಯಲ್ಲಿ ಅವರೆಕಾಳು ಸಾರಿನ ಊಟವಾಯಿತು. ಸರ್ಕಾರ ಅಕ್ಕಿಯ ರಫ್ತು ನಿಲ್ಲಿಸಿದ್ದ ಕಾಲವನ್ನು ನೆನೆದು ಅವರು ಈಗಲೂ ಸಿಡಿಮಿಡಿಗೊಂಡರು. "ಅಕ್ಕಿ ಅಗ್ಗ ಆಯ್ತು ಅಂತ ಪಟ್ಟಣದೋರು ಕುಸಿಯಾದ್ರು. ಅಗ್ಗ ಆಗಿದ್ದು ಯಾರ್ ಹೊಟ್ಟೆ ಮ್ಯಾಲೆ ಕಣ್ರೀ?" ಬಡಿಸುತ್ತಿದ್ದ ಅವರ ತಾಯಿ, "ಕೊಂಡು ಉಣ್ಣೋರ್ಗೂ ಹೊಟ್ಟೆ ಅದೆ ಕಣೋ" ಎಂದು ಮುದ್ದೆಯನ್ನು ಮಗನ ತಟ್ಟೆಗಿಟ್ಟರು. ಆ ಮನೆಯಲ್ಲಿ ವಾಣಿಜ್ಯ ನೀತಿಯ ಚರ್ಚೆ ಅಲ್ಲಿಗೆ ಮುಗಿಯಿತು.

ಸಂಜೆ ಹುಣಸೂರಿಗೆ ಬಂದು ಲಾಡ್ಜಿನಲ್ಲಿ ಉಳಿದೆ. ಬೆಳಿಗ್ಗೆ ಬಸ್ ನಿಲ್ದಾಣದ ಹೊರಗೆ ಒಬ್ಬ ಹೆಂಗಸು ವಡೆ ಕರಿಯುತ್ತಿದ್ದರು. ಮಂಜು ಇನ್ನೂ ಕರಗಿರಲಿಲ್ಲ, ಬಾಣಲೆಯ ಸುತ್ತ ಜನ ಚಳಿ ಕಾಯಿಸಿಕೊಳ್ಳುವವರಂತೆ ನಿಂತಿದ್ದರು. ಎಣ್ಣೆ ಯಾವುದು ಎಂದು ಕೇಳಿದೆ. ಪಾಮಾಯಿಲ್ ಎಂದರು. ನಾಲಗೆ ತುರಿಸಿತು. ಕೊಬ್ಬರಿ ಎಣ್ಣೆಯಲ್ಲಿ ಕರಿಯಬಾರದೇ ಎಂದೆ. ಆಕೆ ಜಾಲರಿ ಸೌಟಿನಿಂದ ವಡೆ ಎತ್ತುತ್ತಲೇ, "ಅದ್ರಲ್ಲಿ ಕರುದ್ರೆ ನೀವ್ ಕೊಡೋ ಹತ್ರುಪಾಯಿಗೆ ವಡೆ ಕೊಡಕಾಗಕಿಲ್ಲ, ಬರೀ ವಾಸ್ನೆ ತೋರ್ಸಿ ಕಳುಸ್ಬೇಕಾಯ್ತದೆ" ಎಂದರು. ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ವಡೆ ಗರಿಗರಿಯಾಗಿತ್ತು ಎಂಬುದನ್ನು ನಮ್ಮ ಕೊಬ್ಬರಿ ಮಂಡಿಯ ಮಾನ ಕಳೆದರೂ ಹೇಳಲೇಬೇಕು. ಇನ್ನೊಂದು ಹಾಕಿಸಿಕೊಂಡೆ.

ಗೌಡರು ಬರಹೇಳಿದ್ದ ಪಿರಿಯಾಪಟ್ಟಣಕ್ಕೆ ಹುಣಸೂರಿನಿಂದ ಮುಕ್ಕಾಲು ಗಂಟೆಯ ದಾರಿ. ಸಿದ್ದೇಗೌಡರು ಹೊಗೆಸೊಪ್ಪಿನ ಹರಾಜು ಕಟ್ಟೆಯ ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಸರದಿ ಇನ್ನೂ ಬಂದಿರಲಿಲ್ಲ, ಬೆಲೆಯ ನಾಡಿ ಹಿಡಿದು ನೋಡಲು ಬಂದಿದ್ದರು. ಒಳಗೆ ಉದ್ದಕ್ಕೂ ಮೂಟೆಗಳ ಸಾಲು. ಬಾಯಿ ತೆರೆದಿಟ್ಟ ಗೋಣಿಯೊಳಗೆ ಹಳದಿ, ಕಿತ್ತಳೆ, ಕಂದು ಬಣ್ಣದ ಎಲೆ. ಕೊಳ್ಳುವವರು ಕೈಯಲ್ಲಿ ಸಣ್ಣ ಯಂತ್ರ ಹಿಡಿದು ಸಾಲಿನ ನಡುವೆ ಬೇಗಬೇಗ ನಡೆಯುತ್ತಾರೆ, ಎಲೆ ಮುಟ್ಟುತ್ತಾರೆ, ಯಂತ್ರದಲ್ಲಿ ಬೆಲೆ ಒತ್ತುತ್ತಾರೆ, ಮುಂದೆ ಹೋಗುತ್ತಾರೆ. ವರ್ಷದ ದುಡಿಮೆಯ ಬೆಲೆ ಒಂದು ಕೆಮ್ಮು ಮುಗಿಯುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ನಮ್ಮ ಪಕ್ಕದಲ್ಲಿದ್ದ ರೈತರೊಬ್ಬರು ಗೌಡರನ್ನು ಕೇಳಿದರು, "ಬ್ರೆಜಿಲ್‌ನಾಗೆ ಮಳೆ ಎಂಗಂತೆ?" ಗೌಡರು, "ಈ ಸಲ ಚೆನ್ನಾಗದೆ ಅಂತಾರೆ" ಎಂದು ಮುಖ ಸಪ್ಪಗೆ ಮಾಡಿದರು. ಅಲ್ಲಿ ಹೊಗೆಸೊಪ್ಪಿನ ಬೆಳೆ ಚೆನ್ನಾದರೆ ಇಲ್ಲಿ ಕೇಳುವವರು ಕಡಿಮೆ, ಅಲ್ಲಿ ಕೆಟ್ಟರೆ ಇಲ್ಲಿ ಹಬ್ಬ. ಆ ರೈತರು ತಮ್ಮ ಗೋಣಿಗೆ ಬಂದ ಬೆಲೆ ನೋಡಿ, ಒಪ್ಪಿಗೆಯಿಲ್ಲವೆಂದು ತಲೆಯಾಡಿಸಿ, ಗೋಣಿಯ ಬಾಯಿ ಮತ್ತೆ ಕಟ್ಟತೊಡಗಿದರು. ಬೇಡವೆನ್ನುವ ಹಕ್ಕು ಬೆಳೆಗಾರನಿಗೆ ಇಲ್ಲಿದೆ. ಪರದೇಶಕ್ಕೆ ಮಾಲು ಕಳಿಸುವ ಕಂಪನಿಯ ಎದುರು ಸುಮ್ಮನೆ ಗೋಣಿ ಕಟ್ಟುವ ಆ ಗತ್ತನ್ನು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಗೌಡರ ಜೀಪಿನಲ್ಲಿ ಹನಗೋಡಿನ ದಾರಿ ಹಿಡಿದೆವು. ಲಕ್ಷ್ಮಣತೀರ್ಥ ತೆಳ್ಳಗೆ ಹರಿಯುತ್ತಿತ್ತು, ದಡದಲ್ಲಿ ಎಮ್ಮೆಗಳಿಗಿದ್ದ ಆತುರವೂ ಅದಕ್ಕಿರಲಿಲ್ಲ. ನದಿ ದಾಟಿ, ಕೋಟೆ ತಾಲ್ಲೂಕಿನ ಗಡಿ ಹೊಕ್ಕು, ಊರು ಸೇರುವಾಗ ದನ ಮನೆಗೆ ಬರುವ ಹೊತ್ತು.

ಅಂಗಳದಲ್ಲಿ ಜಯಮ್ಮ ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಅಣ್ಣಾರೆ, ಬ್ಯಾಸರ ಮಾಡ್ಕೋಬೇಡಿ. ಒಗೆಸೊಪ್ಪಿನ ಕಟ್ಟೆಯಿಂದ ಬಂದಿದೀರಿ. ಮಿಂದು ಬಟ್ಟೆ ಬದ್ಲುಸ್ದೆ ಉಳದ ಮನೆ ಕಡೀಕೆ ಬರಂಗಿಲ್ಲ." ಹೊಗೆಸೊಪ್ಪಿನ ಸೋಂಕು ರೇಷ್ಮೆಹುಳಕ್ಕೆ ವಿಷವಂತೆ. ಅದಕ್ಕೇ ತಮ್ಮನ ಹೊಲ ಊರಿನ ಮೇಲ್ಗಡೆ, ಅಕ್ಕನ ತೋಟ ಕೆಳಗಿನ ಹಳ್ಳದಲ್ಲಿ. ಒಂದೇ ಮನೆಯಲ್ಲಿ ಒಂದು ಬೆಳೆ ಇನ್ನೊಂದಕ್ಕೆ ಹಗೆ. ಗೌಡರು ಹುಳದ ಮನೆಯ ಹೊಸಿಲು ತುಳಿಯುವುದೇ ಇಲ್ಲ. "ನಾನ್ ಅಲ್ಲಿ ಅಸ್ಪೃಶ್ಯ ಕಣ್ರೀ" ಎಂದು ನಕ್ಕರು.

ಬಿಸಿನೀರು ಸುರಿದುಕೊಂಡು, ಗೌಡರ ಹೆಂಡತಿ ರತ್ನಮ್ಮ ಕೊಟ್ಟ ಮಡಿಪಂಚೆ ಉಟ್ಟು ಹುಳದ ಮನೆ ಹೊಕ್ಕೆ. ಹಸಿರು ಸೊಪ್ಪಿನ ಮೇಲೆ ಸಾವಿರಾರು ಬಿಳಿ ಹುಳ. ಜಯಮ್ಮ ಒಂದೊಂದು ತಟ್ಟೆಯ ಮುಂದೆಯೂ ನಿಂತು, ಯಾವುದಕ್ಕೆ ಸೊಪ್ಪು ಸಾಲದು, ಯಾವುದು ಪೊರೆ ಕಳಚಲು ಕೂತಿದೆ ಎಂದು ನೋಡುತ್ತಾ ಹೋದರು. ಮೂಲೆಯಲ್ಲಿ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ತಟ್ಟೆಗಳನ್ನು ತೊಳೆದು ಒರಗಿಸಿಟ್ಟಿದ್ದರು. ಇಷ್ಟು ಚೊಕ್ಕಟವಾದ ಕೋಣೆಯನ್ನು ನಾನು ಆಸ್ಪತ್ರೆಯಲ್ಲೂ ಕಂಡಿಲ್ಲ.

ವಾದ ಮಾರನೆಯ ಬೆಳಿಗ್ಗೆ, ಸೊಪ್ಪು ಹಾಕಿಯಾದ ಮೇಲೆ, ಜಗಲಿಯಲ್ಲಿ ನಡೆಯಿತು. ನೆರೆಯ ನಾಲ್ಕಾರು ಜನ ಬಂದು ಕೂತರು. ಕಟ್ಟಳೆ ಏನೆಂದು ಆಗ ತಿಳಿಯಿತು. ಈ ಊರಿನಲ್ಲಿ ಜಗಳಕ್ಕೆ ಕೂತವರು ತಮ್ಮ ಮಾತನ್ನು ಮೊದಲು ಆಡುವಂತಿಲ್ಲ. ಎದುರಿನವರ ಮಾತನ್ನು ತಾವು ಹೇಳಬೇಕು. ಎದುರಿನವರು "ಇದೇ ನನ್ ಮಾತು" ಎಂದು ಒಪ್ಪುವ ತನಕ ಮುಂದಕ್ಕೆ ಹೋಗುವಂತಿಲ್ಲ. ಕಟ್ಟಳೆ ಮುರಿಯದಂತೆ ನೋಡಿಕೊಳ್ಳಲು ಹೊರಗಿನವನೊಬ್ಬ ಇರಬೇಕು, ಅವನು ತುಟಿ ಬಿಚ್ಚಕೂಡದು. ಇಷ್ಟು ದೂರ ಬಂದದ್ದು ಬಾಯಿ ಮುಚ್ಚಿಕೊಂಡು ಕೂರಲು ಎಂದು ಗೊತ್ತಾದಾಗ ನನ್ನ ಮುಖ ಹೇಗಾಗಿತ್ತೋ, ರತ್ನಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಹಿರಿಯರಾದ್ದರಿಂದ ಜಯಮ್ಮ ಮೊದಲು ತಮ್ಮನ ಮಾತು ಹೇಳಿದರು. "ನನ್ ತಮ್ಮ ಏನಂತಾನೆ ಅಂದ್ರೆ, ಸರ್ಕಾರ ಒಂದೊರ್ಸ ಸುಂಕ ಏರುಸ್ತದೆ, ಇನ್ನೊಂದೊರ್ಸ ಇಳುಸ್ತದೆ. ಇಳುದ್ರೆ ಚೀನಾ ನೂಲು ಬತ್ತದೆ, ನಮ್ ಗೂಡ ಕೇಳೋರಿಲ್ಲ. ಡೆಲ್ಲಿ ಮನಸ್ನ ನಂಬ್ಕಂಡು ತೋಟ ಮಡಗಕಾಗಕಿಲ್ಲ. ನೇಯೋನ್ಗೂ ಹೆಂಡ್ರುಮಕ್ಳು ಅವ್ರೆ. ಅವ್ನು ಅಗ್ಗದ್ದು, ಗಂಟಿಲ್ದೆ ಇರೋ ನೂಲ ಕೇಳ್ತಾನೆ. ಅದ್ ಸಿಗ್ದೆ ಅವ್ನ್ ಮಗ್ಗ ನಿಂತೋದ್ರೆ ನಮ್ ಗೂಡ ಕಟ್ಕಂಡು ಯಾರ್ಗೆ ಮಾರನ? ನಮ್ ಒಗೆಸೊಪ್ಪ ಒರದೇಸದೋರು ತಕಂಡ್ರೆ ನಗ್ತೀವಿ, ಅವರ ರೇಸ್ಮೆ ಇಲ್ಗೆ ಬಂದ್ರೆ ಅಳ್ತೀವಿ. ಬಾಗ್ಲು ಅಂದ್ಮೇಲೆ ಒಳಕ್ಕೂ ತೆರೀತದೆ, ಒರಕ್ಕೂ ತೆರೀತದೆ."

ಜೀವಮಾನವಿಡೀ ನಾನು ಬಾಗಿಲನ್ನು ಒಂದೇ ಕಡೆಯಿಂದ ನೋಡಿದವನು.

ಜಯಮ್ಮ ಮುಗಿಸಿರಲಿಲ್ಲ. "ಇನ್ನೊಂದದೆ, ಅದ ಅವ್ನು ಯೋಳಕಿಲ್ಲ. ಒಗೆಸೊಪ್ಪು ಬೇಯ್ಸೋವಾಗ ಬ್ಯಾರನ್ ಮನೆ ಮುಂದೆ ಬೆಂಕಿ ಕಾಯ್ಕಂಡು ಕೂತು ಅವ್ನಿಗೆ ಸುಸ್ತಾಗದೆ. ಆಳು ಸಿಗಕಿಲ್ಲ. ಒಂದ್ ತುಂಡು ಭೂಮಿದಾದ್ರೂ ಚಿಂತೆ ಬ್ಯಾರೇರ್ ತಲೆಗೆ ಓಗ್ಲಿ ಅಂತ ಅವ್ನಿಗೆ."

ಗೌಡರು ನೆಲ ನೋಡುತ್ತಾ, "ಇದೇ ನನ್ ಮಾತು" ಎಂದರು.

ಈಗ ತಮ್ಮನ ಸರದಿ. ಗೌಡರು ಉತ್ಸಾಹದಿಂದಲೇ ಶುರುಮಾಡಿದರು. "ಅಕ್ಕ ಏನಂತಾಳೆ ಅಂದ್ರೆ, ಚೀನಾದೋರು ಮೊದ್ಲು ಅಗ್ಗಕ್ಕೆ ಕೊಡ್ತಾರೆ. ನಾವೆಲ್ಲ ತೋಟ ಕಿತ್ತಾಕುದ್ಮೇಲೆ ಅವರ್ ಯೋಳಿದ್ದೇ ರೇಟು. ಅದ್ಕೇ ಸುಂಕ ಇರ್ಬೇಕು, ನಮ್ ಬೆಳೆ ಉಳೀಬೇಕು." ಜಯಮ್ಮ, "ಇನ್ನೂ ಅದೆ" ಎಂದರು. ಗೌಡರು ಸೇರಿಸಿದರು, "ಸೊಪ್ಪು ಕೊಯ್ಯೋಕೆ ಬರೋ ಹೆಣ್ಮಕ್ಳಿಗೆ ಊರಲ್ಲೇ ಕೂಲಿ ಸಿಗ್ತದೆ. ಶುಂಠಿ ಹಾಕಿದ್ ಭೂಮಿ ಆಮೇಲೆ ಸೊರಗ್ತದೆ." "ಇನ್ನೂ ಅದೆ." "ನಮ್ ಕಡೆ ಗೂಡು ಗಟ್ಟಿ, ಒಳ್ಳೆ ನೂಲ್ ಬತ್ತದೆ. ಸರ್ಕಾರ ಕೈ ಹಿಡುದ್ರೆ ಚೀನಾಗೆ ಸಮ ನಿಲ್ತೀವಿ." "ಇನ್ನೂ ಅದೆ ಕಣಪ್ಪ."

ಗೌಡರಿಗೆ ರೇಗಿತು. ಎದ್ದು ಹೋಗಿ ತಂಬಿಗೆ ನೀರು ಕುಡಿದು ಬಂದರು. ನನ್ನ ಬಾಯಲ್ಲಿ ಸುಂಕದ ಮೇಲೆ ಒಂದು ಭಾಷಣವೇ ಸಿದ್ಧವಾಗಿ ಕೂತಿತ್ತು, ಎಲೆ ಅಡಿಕೆ ಹಾಕಿ ಒಳಕ್ಕೆ ತಳ್ಳಿದೆ. ಗೌಡರು ಕೂತು ಎದುರಿನ ಹುಳದ ಮನೆಯ ಕಡೆಗೇ ಬಹಳ ಹೊತ್ತು ನೋಡಿದರು.

"ನಾನ್ ಅದ್ರೊಳಕ್ಕೆ ಓಗೇ ಇಲ್ವಲ್ಲ" ಎಂದರು, ತಮ್ಮಷ್ಟಕ್ಕೇ ಹೇಳಿಕೊಂಡಂತೆ. ಆಮೇಲೆ ಮೆಲ್ಲಗೆ, "ತೋಟ ಇದ್ರೆ ಅಕ್ಕನ್ನ ಜನ ಬೆಳೆಗಾರ್ತಿ ಅಂತಾರೆ. ಗೂಡ್ ಮಾರ್ಕಂಡು ಬಂದ್ ದಿನ ಮನೆಗೆ ಸಾಮಾನು ಅವಳೇ ತತ್ತಾಳೆ. ಏನ್ ಬೇಕು ಅಂತ ಎಲ್ರನ್ನೂ ಕೇಳ್ತಾಳೆ. ತೋಟ ಓದ್ರೆ..." ಎಂದು ನಿಲ್ಲಿಸಿದರು. "ತೋಟ ಓದ್ರೆ ಅಕ್ಕ ತಮ್ಮನ ಮನೇಲಿ ಉಂಡ್ಕಂಡು ಇರೋಳಾಯ್ತಾಳೆ."

ಜಯಮ್ಮ ಸೆರಗು ಸರಿಮಾಡಿಕೊಂಡರು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಇದೇ ನನ್ ಮಾತು. ಈಗ ನಿಂದೇನು ಯೋಳು."

"ನಂದ ನೀನೇ ಯೋಳಿದ್ಯಲ್ಲ" ಎಂದರು ಗೌಡರು. ಜೇಬಿನಿಂದ ಫೋನ್ ತೆಗೆದು ಶುಂಠಿಯವನಿಗೆ ಅಲ್ಲಿಂದಲೇ ಮಾತಾಡಿದರು. "ಇಲ್ಲ ಚೇಟಾ. ಭೂಮಿ ಕೊಡಕಿಲ್ಲ. ರೇಟಿನ್ ಮಾತಲ್ಲ, ಅದ್ರಲ್ಲಿ ಬೆಳೆ ಅದೆ." ಜಯಮ್ಮ ಸೊಪ್ಪಿಗೆ ಹೊತ್ತಾಯಿತೆಂದು ಎದ್ದರು. ಹೋಗುವಾಗ ರತ್ನಮ್ಮನಿಗೆ, "ಬ್ಯಾರನ್ ತಾವ ಒಂದ್ ಸರದಿ ಇನ್ಮೇಲೆ ನಂಗೂ ಇರ್ಲಿ. ಮಿಂದ್ಕಂಡು ಬಂದ್ರಾಯ್ತು" ಎಂದು ಹೇಳಿದ್ದು ನನಗೂ ಕೇಳಿಸಿತು. ದೇಶ ದೇಶಗಳ ದೊಡ್ಡವರು ಸುಂಕದ ಮಾತಿಗೆ ಕೂರುವಾಗ ಈ ಊರಿನ ಜಗಲಿಯನ್ನು ಒಮ್ಮೆ ನೋಡಿ ಹೋಗಬೇಕು ಎನ್ನಿಸಿತು. ಆ ಮಧ್ಯಾಹ್ನ ಹಿಸುಕಿದ ಅವರೆಬೇಳೆಯ ಸಾರು. ಮೂರು ಸಲ ಹಾಕಿಸಿಕೊಂಡೆ.

ಮರುದಿನ ಗೌಡರು ನನ್ನನ್ನು ಕೋಟೆಯ ಬಸ್ ನಿಲ್ದಾಣಕ್ಕೆ ಬಿಟ್ಟರು. ಮೈಸೂರಿನ ಬಸ್ಸು ನಿಂತಿತ್ತು, ಡ್ರೈವರು ಟೀ ಕುಡಿಯುತ್ತಿದ್ದ. ಕೇಳಬಾರದಾಗಿತ್ತು, ಆದರೂ ವ್ಯಾಪಾರಿಯ ಬಾಯಿ, ಕೇಳಿದೆ.

"ಮುಂದಿನ ವರ್ಷ ಚೀನಾ ನೂಲು ಬಂದು ಗೂಡಿನ ಬೆಲೆ ಬಿದ್ದುಹೋದರೆ ಏನು ಮಾಡುತ್ತೀರಿ?"

"ಬಿದ್ರೆ ಬೀಳ್ತದೆ. ಮತ್ತೆ ಕೂತ್ಕಂಡು ವಾದ ಮಾಡ್ತೀವಿ" ಎಂದರು ಗೌಡರು. "ಆದ್ರೆ ಸಾವ್ಕಾರ್ರೇ, ಆ ಮಾತ ಅಕ್ಕ ಯೋಳಿದ್ರೆ ಕೇಳಿಲ್ಲ ಅಂತ ಇದ್ಬುಡ್ಬೋದಾಗಿತ್ತು. ನನ್ ಬಾಯಿಂದ್ಲೇ ಬಂದ್ಬುಡ್ತಲ್ಲ. ಉಳದ ಮನೇನ ಒಂದ್ಸಲ ಒಳಕ್ಕೋಗಿ ನೋಡ್ಬೇಕು."

ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದಾಗ ಗೌಡರು ಜೀಪು ಹತ್ತಿರಲಿಲ್ಲ, ಎದುರಿನ ಅಂಗಡಿಯಲ್ಲಿ ಮೈಸೋಪು ಕೊಳ್ಳುತ್ತಿದ್ದರು.