ಆಸ್ಟ್ರೇಲಿಯಾ ಪರೀಕ್ಷೆ

ಮದುವೆ ಗೊತ್ತಾದ ವರ್ಷ ನನಗೆ ಕಾಮಾಲೆ ಬಂತು. ಈಗಲೂ ಆ ಕಾಯಿಲೆಯ ಹೆಸರು ಕೇಳಿದರೆ ನನಗೆ ನಗು ಬರುತ್ತದೆ. ಎದುರಿಗಿದ್ದವರು ಬೇಜಾರು ಮಾಡಿಕೊಳ್ಳುತ್ತಾರೆ, ಯಾಕೆಂದರೆ ಅವರ ಮನೆಯಲ್ಲಿ ಯಾರೋ ಕಾಮಾಲೆಯಾಗಿ ಮಲಗಿರುತ್ತಾರೆ. ಹಾಗಾಗಿ ಒಮ್ಮೆ ಕಾರಣ ಹೇಳಿಬಿಡುವುದೇ ಒಳ್ಳೆಯದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಮನೆ ಗುಬ್ಬಿಯಲ್ಲಿ. ಬೆಳಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಹೋದರೆ ಸಂಜೆ ಸಿಕ್ಕಿದ ಬಸ್ಸು ಹತ್ತಿ ವಾಪಸ್ಸು. ನನಗೆ ಗೊತ್ತು ಮಾಡಿದ್ದ ಹುಡುಗ ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಸಂಕ್ರಾಂತಿಗೂ ಮುಂಚೆ ನಮ್ಮ ಮನೆಯಲ್ಲೇ ನಿಶ್ಚಿತಾರ್ಥವಾಗಿತ್ತು. ಪಡಸಾಲೆಯಲ್ಲಿ ಎಲೆ ಹಾಕಿ ಊಟ ಬಡಿಸಿದ್ದೆವು. ಅಲ್ಲಿಂದ ಮದುವೆಯವರೆಗೆ ಹುಡುಗ ಹುಡುಗಿ ಭೇಟಿಯಾಗಬಾರದು ಅನ್ನುವುದು ಎರಡೂ ಮನೆಯ ಕಟ್ಟುನಿಟ್ಟು. ಮುಹೂರ್ತವನ್ನು ಬೇಸಿಗೆ ರಜೆಗೆ ಇಟ್ಟಿದ್ದರು.

ಆದರೆ ಟ್ರಂಕ್ ಕಾಲ್ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಸ್ಕೂಲು ಬಿಟ್ಟ ಮೇಲೆ ಕುಣಿಗಲ್ಲಿನ ಪೋಸ್ಟಾಫೀಸಿಗೆ ಹೋಗಿ ತುಮಕೂರಿಗೆ ಕಾಲ್ ಬುಕ್ ಮಾಡುತ್ತಿದ್ದರು. ಈ ಕಡೆ ನಾನೇ ಕೂತಿರುತ್ತಿದ್ದೆ. ಮಾತಾಡಲು ಇಬ್ಬರಿಗೂ ಏನೂ ಇರುತ್ತಿರಲಿಲ್ಲ. ಅಲ್ಲಿ ಬಿಸಿಲು ಹೇಗಿದೆ ಎಂದು ಅವರು ಕೇಳುವುದು, ಇಲ್ಲೂ ಅಷ್ಟೇ ಎಂದು ನಾನು ಹೇಳುವುದು. ಟೈಮು ಮುಗಿಯುತ್ತಾ ಬಂದಾಗ ಕುಣಿಗಲ್ಲಿನ ಆಪರೇಟರು ನಡುವೆ ಮೆಲ್ಲಗೆ ಕೆಮ್ಮುತ್ತಿದ್ದರು. ಅಷ್ಟಕ್ಕೇ ನಾನು ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಒಬ್ಬಳೇ ನಗುತ್ತಾ ಊರು ಸೇರುತ್ತಿದ್ದೆ.

ಹೀಗಿರುವಾಗ ಒಂದು ದಿನ ಬಿಸಿಲಿನ ವಿಷಯ ಬಿಟ್ಟು, ಭಾನುವಾರ ದೇವರಾಯನದುರ್ಗಕ್ಕೆ ಬರುತ್ತೀಯಾ ಎಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದಿದ್ದೆ. ಮನೆಯಲ್ಲಿ ಡ್ಯೂಟಿ ಇದೆ ಎಂದು ಹೇಳಿ ಹೊರಟೆ. ಅವರು ಪರೀಕ್ಷೆಯ ಪೇಪರು ತಿದ್ದಬೇಕು ಎಂದು ಹೇಳಿ ಬಂದಿದ್ದರು. ತುಮಕೂರಿನಲ್ಲಿ ಒಂದೇ ಬಸ್ಸು ಹತ್ತಿ, ಗೊತ್ತಿಲ್ಲದವರ ಹಾಗೆ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಊರ್ಡಿಗೆರೆ ದಾಟಿದ ಮೇಲೆ ಅವರು ಎದ್ದು ಬಂದು ನನ್ನ ಪಕ್ಕ ಕೂತರು.

ಬೆಟ್ಟದ ಬುಡದಲ್ಲಿ ಇಳಿದಾಗ ಬಿಸಿಲು ಸುರಿಯುತ್ತಿತ್ತು. ಮರದ ಕೆಳಗೆ ಒಬ್ಬ ತಳ್ಳುಗಾಡಿ ಇಟ್ಟುಕೊಂಡು ನಿಂಬೆಹಣ್ಣಿನ ಷರಬತ್ತು ಮಾರುತ್ತಿದ್ದ. ಗೋಣಿಚೀಲದಲ್ಲಿ ಸುತ್ತಿಟ್ಟ ಐಸ್ ಗಡ್ಡೆಯನ್ನು ಕುಟ್ಟಿ ಲೋಟಕ್ಕೆ ಹಾಕಿ ಕೊಡುತ್ತಿದ್ದ. ಒಂದು ಲೋಟ ಕುಡಿದು ಬೆಟ್ಟ ಹತ್ತಿ ದೇವಸ್ಥಾನಕ್ಕೆ ಹೋಗೋಣ ಎಂದುಕೊಂಡೆವು. ಮೊದಲನೆಯ ಲೋಟಕ್ಕೆ ಅವರು ತಮ್ಮ ಸ್ಕೂಲಿನ ಕಥೆ ಶುರು ಮಾಡಿದರು. ಎರಡನೆಯದಕ್ಕೆ ನಾನು ಎಕ್ಸ್‌ಚೇಂಜಿನಲ್ಲಿ ಕೇಳಿಸಿಕೊಂಡ ಜಗಳಗಳನ್ನು ಹೇಳಿದೆ. ಆಮೇಲೆ ಲೆಕ್ಕ ತಪ್ಪಿತು. ಅಲ್ಲಿಂದ ಏಳಬೇಕಾದೀತು ಎಂಬ ಭಯಕ್ಕೆ ಮತ್ತೊಂದು ಲೋಟ, ಮತ್ತೊಂದು ಲೋಟ ಎಂದು ಕುಡಿದೆವು. ಬೆಟ್ಟ ಹತ್ತಲೇ ಇಲ್ಲ. ಹಲ್ಲು ಜುಮ್ಮೆನ್ನುತ್ತಿರುವಾಗಲೇ ವಾಪಸ್ಸು ಹೋಗುವ ಬಸ್ಸು ಬಂದುಬಿಟ್ಟಿತು.

ಯುಗಾದಿ ಕಳೆದ ಮೇಲೆ ನನಗೆ ಮೈಯಲ್ಲಿ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಎಕ್ಸ್‌ಚೇಂಜಿನಲ್ಲಿ ಕೂತರೆ ಬೋರ್ಡಿನ ದೀಪಗಳೆಲ್ಲ ತೇಲಿದ ಹಾಗೆ ಕಾಣುತ್ತಿದ್ದವು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಕಾಫಿ ಇಲ್ಲದೆ ಕಣ್ಣು ಬಿಡದ ನಾನು ಲೋಟವನ್ನು ದೂರ ತಳ್ಳಿದಾಗ ಅಮ್ಮನ ಮುಖ ಬಣ್ಣಗೆಟ್ಟಿತು. ಎರಡು ದಿನ ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಮೂರನೆಯ ದಿನ ನಾನು ಹಿತ್ತಲಲ್ಲಿ ವಾಂತಿ ಮಾಡಿಕೊಂಡು ಒಳಗೆ ಬರುತ್ತಿದ್ದ ಹಾಗೆ ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದಳು.

“ನಿಶ್ಚಿತಾರ್ಥ ಆದ್ಮೇಲೆ ಆ ಹುಡುಗನ್ನ ಎಲ್ಲಾದ್ರೂ ನೋಡಿದ್ಯೇನೇ?”

ಅವಳು ಕೇಳುತ್ತಿರುವುದು ಏನು ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ನಾಚಿಕೆಯೂ ಸಿಟ್ಟೂ ನಗುವೂ ಒಟ್ಟಿಗೆ ಬಂದು, ಇಲ್ಲ ಎಂದು ಜೋರಾಗಿಯೇ ಹೇಳಿದೆ. ಅಮ್ಮ ನಂಬಲಿಲ್ಲ. ಅಪ್ಪನಿಗೆ ಸೀರೆ ಅಂಗಡಿಗೆ ಹೋಗುತ್ತೇವೆ ಎಂದು ಹೇಳಿ, ಅವತ್ತೇ ನನ್ನನ್ನು ತುಮಕೂರಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಇಷ್ಟೇ.

ಡಾಕ್ಟರು ವಯಸ್ಸಾದವರು, ಚುರುಕು. ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ ನೋಡಿದವರೇ ಕಾಮಾಲೆ ಎಂದರು. ಅಮ್ಮ ಎರಡೂ ಕೈ ಜೋಡಿಸಿದಳು.

“ಅಷ್ಟೇನಾ ಡಾಕ್ಟ್ರೇ?”

“ಅಷ್ಟೇನಾ ಅಂದ್ರೆ? ಲಿವರ್‌ಗೆ ಬಂದಿರೋ ಕಾಯಿಲೆ ಕಣಮ್ಮ ಇದು,” ಎಂದು ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

ಅಮ್ಮನ ಮುಖ ಅರಳಿಬಿಟ್ಟಿತ್ತು. ಮಗಳಿಗೆ ಕಾಯಿಲೆ ಎಂದು ತಿಳಿದು ಅಷ್ಟು ಸಂತೋಷಪಟ್ಟ ತಾಯಿಯನ್ನು ಆ ಡಾಕ್ಟರು ಅದಕ್ಕೆ ಮುಂಚೆ ಕಂಡಿರಲಾರರು. ಅವರು ಬಿಡಿಸಿ ಹೇಳಿದರು. ಇದು ವೈರಸ್ಸಿನಿಂದ ಬರುವುದು. ಒಂದು ಜಾತಿಯದು ನೀರಿನಿಂದ, ಐಸಿನಿಂದ ಬರುತ್ತದೆ, ಪಥ್ಯ ಮಾಡಿ ಮಲಗಿದರೆ ತಾನಾಗಿ ಹೋಗುತ್ತದೆ. ಇನ್ನೊಂದು ರಕ್ತದಿಂದ, ಸೂಜಿಯಿಂದ ಬರುವಂಥದ್ದು, ಅದು ಸ್ವಲ್ಪ ಹಟಮಾರಿ. ನನಗೆ ಹಿಂದೆ ಜ್ವರ ಬಂದಾಗ ಇಂಜೆಕ್ಷನ್ ಹಾಕಿಸಿದ್ದೆವು ಎಂದು ಕೇಳಿ ತಿಳಿದುಕೊಂಡು, ಮದುವೆ ಬೇರೆ ಹತ್ತಿರವಿದೆ, ಯಾವುದಕ್ಕೂ ಆ ಎರಡನೆಯದು ಇದೆಯೇ ಎಂದು ನೋಡುವ ಆಸ್ಟ್ರೇಲಿಯಾ ಆಂಟಿಜನ್ ಪರೀಕ್ಷೆಯೂ ಆಗಲಿ, ರಕ್ತ ಬೆಂಗಳೂರಿಗೆ ಹೋಗಿ ಬರಬೇಕು ಎಂದರು. ಅಮ್ಮನಿಗೆ ಅರ್ಥವಾದದ್ದು ಆಸ್ಟ್ರೇಲಿಯಾ ಒಂದೇ. ನಮ್ಮ ಹುಡುಗಿ ಗುಬ್ಬಿ ಬಿಟ್ಟರೆ ತುಮಕೂರು ಅಷ್ಟೇ ಡಾಕ್ಟ್ರೇ, ಹಡಗು ಕೂಡ ನೋಡಿದವಳಲ್ಲ ಎಂದು ಹೇಳಿದಳು. ಡಾಕ್ಟರು ನಕ್ಕು, ಎದುರಿನ ಲ್ಯಾಬಿಗೆ ಹೋಗಿ ಎಂದು ಚೀಟಿ ಕೊಟ್ಟರು.

ರಸ್ತೆ ದಾಟಿ ಲ್ಯಾಬಿನ ಒಳಗೆ ಕಾಲಿಟ್ಟರೆ ಅಲ್ಲಿ ಉದ್ದನೆಯ ಬೆಂಚಿನ ಮೇಲೆ ಕುಣಿಗಲ್ಲಿನ ಮೇಷ್ಟ್ರು ಕೂತಿದ್ದರು. ಪಕ್ಕದಲ್ಲಿ ಅವರ ತಾಯಿ.

ಮೇಷ್ಟ್ರ ಕಣ್ಣುಗಳು ಮಾಗಿದ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ನಾನು ಹೆದರಬೇಕಿತ್ತು. ಆದರೆ ಅಷ್ಟು ದಿನ ಫೋನಿನಲ್ಲಿ ಬರೀ ಬಿಸಿಲಿನ ಮಾತಾಡಿದ ಮನುಷ್ಯ ಕಣ್ಣೆದುರಿಗೆ ಕೂತಿದ್ದಾನೆ ಎಂಬ ಖುಷಿಗೆ ಮಿಕ್ಕಿದ್ದೆಲ್ಲ ಮರೆತು, ಬಾಗಿಲಲ್ಲೇ ನಿಂತು ನಗತೊಡಗಿದೆ. ಅವರೂ ಹಳದಿ ಕಣ್ಣು ಕಿರಿದು ಮಾಡಿ ನಕ್ಕರು.

ನಗದೇ ಇದ್ದವರು ತಾಯಂದಿರು ಮಾತ್ರ. ಮದುವೆಗೆ ಮುಂಚೆ ಹುಡುಗಿಗೆ ಕಾಯಿಲೆ ಎಂದು ಗೊತ್ತಾದರೆ ಸಂಬಂಧ ಉಳಿಯುತ್ತದೋ ಇಲ್ಲವೋ ಎಂದು ಅಮ್ಮನಿಗೆ ದಿಗಿಲು. ಅದೇ ದಿಗಿಲು ಆ ಕಡೆಗೂ ಇತ್ತು ಎಂದು ಆಮೇಲೆ ತಿಳಿಯಿತು. ಅಮ್ಮ ಸಾವರಿಸಿಕೊಂಡು, ತನಗೇ ಬಿ.ಪಿ. ಜಾಸ್ತಿಯಾಗಿದೆ, ರಕ್ತ ತೋರಿಸಲು ಮಗಳನ್ನು ಜೊತೆಗೆ ಕರೆತಂದೆ ಎಂದಳು. ನನಗೂ ಸಕ್ಕರೆ ಕಾಯಿಲೆಯ ಅನುಮಾನ, ಮಗ ಬಲವಂತ ಮಾಡಿ ಕರೆತಂದ ಎಂದು ಅವರ ತಾಯಿಯೂ ಹೇಳಿದರು. ಇಬ್ಬರೂ ಒಬ್ಬರ ಆರೋಗ್ಯವನ್ನು ಇನ್ನೊಬ್ಬರು ಬಹಳ ಕಾಳಜಿಯಿಂದ ವಿಚಾರಿಸಿಕೊಂಡರು. ನಾನು ನೆಲ ನೋಡುತ್ತಾ ಕೂತೆ. ಮೇಷ್ಟ್ರು ಸೂರು ನೋಡುತ್ತಾ ಕೂತರು.

ಅಷ್ಟರಲ್ಲಿ ರಕ್ತ ತೆಗೆಯುವವನು ಪರದೆ ಸರಿಸಿ, ಗುಬ್ಬಿಯವರು ಬನ್ನಿ ಎಂದು ಕರೆದ. ಅಮ್ಮ ಹಿಂದೆಮುಂದೆ ನೋಡದೆ ಎದ್ದು ಹೋಗಿ ಸ್ಟೂಲಿನ ಮೇಲೆ ಕೂತು, ಬಳೆ ಮೇಲಕ್ಕೆ ಸರಿಸಿ ತೋಳು ಚಾಚಿದಳು. ಅವನು ಚೀಟಿ ನೋಡಿದ, ಅಮ್ಮನನ್ನು ನೋಡಿದ.

“ನಿಮಗಲ್ಲಮ್ಮ. ಕಾಮಾಲೆ ಇರೋದು ಹುಡುಗಿಗೆ. ಅವ್ರನ್ನ ಕಳ್ಸಿ. ಆಮೇಲೆ ಕುಣಿಗಲ್ ಹುಡುಗ ಬರ್ಲಿ, ಅವರ್ದೂ ಅದೇ ಟೆಸ್ಟು.”

ಪರದೆಯ ಈಚೆಗೆ ಎಲ್ಲ ಕೇಳಿಸಿತ್ತು. ಅವರ ತಾಯಿ ಸೆರಗು ಸರಿಮಾಡಿಕೊಂಡು, ಇಬ್ಬರಿಗೂ ಒಂದೇ ಸಲ ಬಂದಿದೆ ಅಂದರೆ ನಿಶ್ಚಿತಾರ್ಥದ ಊಟದಲ್ಲೇ ಏನೋ ಆಗಿರಬೇಕು ಎಂದು ಮೆತ್ತಗೆ ಹೇಳಿದರು. ಅಮ್ಮ ಸ್ಟೂಲು ಬಿಟ್ಟು ಎದ್ದು ಬಂದಳು. ನಮ್ಮ ಹಿತ್ತಲ ಬಾವಿಯ ನೀರು ಕುಡಿದು ಇಡೀ ಬೀದಿ ಗಟ್ಟಿಮುಟ್ಟಾಗಿದೆ, ಅವತ್ತು ಊಟ ಮಾಡಿದ ಮಿಕ್ಕ ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಕೇಳಿದಳು. ದನಿ ಇನ್ನೂ ಬೀಗರ ದನಿಯೇ, ಆದರೆ ತುದಿ ಚೂಪಾಗಿತ್ತು.

ನಮ್ಮ ಬಾವಿಯ ಮಾನ ಉಳಿಸಲು ಮುಂದೆ ಬಂದವರು ಮೇಷ್ಟ್ರು. ಕ್ಲಾಸಿನಲ್ಲಿ ನಿಂತ ಹಾಗೆ ಎದ್ದು ನಿಂತು ವಿವರಿಸಿದರು. ವೈರಸ್ಸು ಒಳಗೆ ಹೋದ ತಕ್ಷಣ ಕಾಯಿಲೆ ಬರುವುದಿಲ್ಲ, ಸುಮಾರು ಒಂದು ತಿಂಗಳು ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ, ನಿಶ್ಚಿತಾರ್ಥವಾಗಿ ಎಷ್ಟೋ ತಿಂಗಳಾಯಿತು, ಆದ್ದರಿಂದ ಗುಬ್ಬಿಯ ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಪಾಠ ಚೆನ್ನಾಗಿತ್ತು. ಅವರ ತಾಯಿ ತಲೆದೂಗುತ್ತಾ ಕೇಳಿಸಿಕೊಂಡರು. ಅಮ್ಮನೂ ತಲೆದೂಗಿದಳು. ಇಬ್ಬರ ತಲೆಯೂ ಒಟ್ಟಿಗೆ ನಿಂತಿತು.

“ಹಂಗಾದ್ರೆ ಒಂದು ತಿಂಗ್ಳಿಂದೆ ನೀವಿಬ್ರೂ ಒಟ್ಟಿಗೆ ಕೂತು ಏನ್ಲಾ ತಿಂದ್ರಿ?” ಎಂದು ಅವರ ತಾಯಿ ಕೇಳಿದರು.

ಮೇಷ್ಟ್ರು ನನ್ನ ಕಡೆ ನೋಡಿದರು. ಪಾಠ ಅಲ್ಲಿಗೆ ಮುಗಿದಿತ್ತು. ರಕ್ತ ತೆಗೆಯುವವನು ಸಿರಿಂಜು ಹಿಡಿದುಕೊಂಡೇ ಪರದೆಯಿಂದ ತಲೆ ಹೊರಗೆ ಹಾಕಿದ್ದ.

“ಷರಬತ್ತು. ದೇವರಾಯನದುರ್ಗದಲ್ಲಿ,” ಎಂದು ನಾನೇ ಹೇಳಿದೆ.

ಅಮ್ಮ ಬೆಂಚಿನ ಮೇಲೆ ಕುಸಿದು ಕೂತಳು. ಅವರ ತಾಯಿ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು.

“ಹತ್ತಿ ಹೋಗಿ ದೇವರ್ಗೆ ಕೈ ಮುಗ್ದ್ರಾ?”

“ಇಲ್ಲ,” ಎಂದೆ.

“ಅದ್ಕೇ ಮತ್ತೆ,” ಎಂದರು, ಕಾಯಿಲೆಯ ಮೂಲ ಕಂಡುಹಿಡಿದವರ ಹಾಗೆ.

ಮೊದಲು ನಕ್ಕವನು ಸಿರಿಂಜಿನವನು. ಆಮೇಲೆ ಅಮ್ಮ. ಕಳೆದ ಮೂರು ದಿನದಿಂದ ಎದೆಯಲ್ಲಿಟ್ಟುಕೊಂಡಿದ್ದ ಭಾರವೆಲ್ಲ ಬರೀ ಷರಬತ್ತಾಗಿ ಹರಿದುಹೋದದ್ದಕ್ಕೆ ಇರಬೇಕು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವರ ತಾಯಿ ಬಿಗಿ ಹಿಡಿದು ನೋಡಿದರು, ಆಗಲಿಲ್ಲ. ನನ್ನ ರಕ್ತ ತೆಗೆಯುವಾಗ ತೋಳು ನಗುವಿಗೆ ಅಲ್ಲಾಡಿ, ಅವನು ಎರಡು ಸಲ ಚುಚ್ಚಬೇಕಾಯಿತು. ನೋವು ಗೊತ್ತೇ ಆಗಲಿಲ್ಲ.

ಮದುವೆಯನ್ನು ಶ್ರಾವಣಕ್ಕೆ ಮುಂದೆ ಹಾಕಿದರು. ಅದಕ್ಕೆ ನಾವು ಅಳಬೇಕಿತ್ತು, ಆದರೆ ಡಾಕ್ಟರು ಹಾಕಿಕೊಟ್ಟ ಏರ್ಪಾಡು ನಮ್ಮ ಪಾಲಿಗೆ ಹಬ್ಬವಾಯಿತು. ವಾರಕ್ಕೊಮ್ಮೆ ಬಂದು ರಕ್ತ ಕೊಡಬೇಕು, ಕಣ್ಣು ಹಳದಿ ಮಾಡುವ ಬಿಲಿರುಬಿನ್ ಎಷ್ಟು ಇಳಿಯಿತು ನೋಡಬೇಕು ಎಂದಿದ್ದರು. ಒಬ್ಬೊಬ್ಬರೇ ಯಾಕೆ ಅಲೆಯುವುದು, ಒಂದೇ ದಿನ ಬಂದರೆ ನಮಗೂ ಮಾತಿಗೆ ಜೊತೆಯಾಗುತ್ತದೆ ಎಂದು ತಾಯಂದಿರೇ ಮಾತಾಡಿಕೊಂಡರು. ಹೀಗೆ ಭೇಟಿಯಾಗಬಾರದು ಅಂದವರೇ ನಮ್ಮನ್ನು ಕೈಹಿಡಿದು ಕರೆತಂದು ಎದುರುಬದುರು ಕೂರಿಸತೊಡಗಿದರು. ವಾರವಿಡೀ ಗುಬ್ಬಿಯಲ್ಲಿ ಗಂಜಿ, ಎಳನೀರು ಕುಡಿದು ಮಲಗಿರುತ್ತಿದ್ದ ನಾನು ಆ ದಿನ ಮಾತ್ರ ಎಲ್ಲರಿಗಿಂತ ಮೊದಲು ಎದ್ದು ತಲೆ ಬಾಚಿಕೊಂಡು ಕೂತಿರುತ್ತಿದ್ದೆ. ಸುಸ್ತಿತ್ತು, ನಿಂತರೆ ತಲೆ ಸುತ್ತುತ್ತಿತ್ತು. ಕಾಯಿಲೆಯಿಂದ ಎಷ್ಟು, ಸಂತೋಷದಿಂದ ಎಷ್ಟು ಎಂದು ನನಗೆ ಬೇರೆ ಮಾಡಲು ಬರುತ್ತಿರಲಿಲ್ಲ.

ಎರಡನೆಯ ವಾರ ಬೆಂಗಳೂರಿನಿಂದ ಉತ್ತರ ಬಂತು. ಆಸ್ಟ್ರೇಲಿಯಾ ಇಬ್ಬರಿಗೂ ಇಲ್ಲ. ಬರೀ ನೀರಿನ ಕಾಮಾಲೆ. ಮೊಟ್ಟಮೊದಲು ಆ ದೇಶದವರೊಬ್ಬರ ರಕ್ತದಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು ಬಂತು ಎಂದು ಮೇಷ್ಟ್ರು ತಿಳಿಸಿ ಹೇಳಿದರು. ಸದ್ಯ, ಅವರ ಸಹವಾಸ ನಮಗೆ ಬೇಡ ಎಂದಳು ಅಮ್ಮ. ಸಂಜೆ ಬಸ್ಸಿನಲ್ಲಿ ಪಕ್ಕ ಕೂತ ಗುರುತು ಪರಿಚಯವಿಲ್ಲದ ಹೆಂಗಸಿಗೂ, ನಮ್ಮ ಹುಡುಗಿಗೆ ಆಸ್ಟ್ರೇಲಿಯಾ ಇಲ್ಲವಂತೆ ಎಂದು ಹೇಳಿದಳು. ಆಕೆ ಪಾಪ, ಅಲ್ಲಿ ಕೆಲಸ ಸಿಗಲಿಲ್ಲವೇನೋ ಎಂದುಕೊಂಡು ನನಗೆ ಸಮಾಧಾನ ಹೇಳಿದಳು.

ಬಿಲಿರುಬಿನ್ ಇಳಿಯುತ್ತಾ ಬಂತು. ಮೊದಮೊದಲು ನಾನಾ ನೀನಾ ಎಂದು ಪೈಪೋಟಿ ಮಾಡುತ್ತಿದ್ದೆವು. ಆಮೇಲೆ ಇಬ್ಬರಿಗೂ ಅದು ಅಷ್ಟು ಬೇಗ ಇಳಿಯುವುದು ಬೇಡವಾಗಿತ್ತು. ಒಂದು ವಾರ ನನ್ನದು ಇಳಿಯದೆ ನಿಂತಲ್ಲೇ ನಿಂತಾಗ ಅವರು ಡಾಕ್ಟರ ಎದುರಿಗೇ ಖುಷಿಪಟ್ಟು ಬೈಸಿಕೊಂಡರು. ಕೊನೆಗೆ ಇಬ್ಬರದೂ ನಾರ್ಮಲ್ ಎಂದ ದಿನ ನಾವು ಸಪ್ಪಗೆ ಮೆಟ್ಟಿಲಿಳಿದು, ತಾಯಂದಿರ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ಮುಂದೆ ಹೋಗುತ್ತಿದ್ದ ಅವರ ತಾಯಿ ನಿಂತು ಹಿಂತಿರುಗಿದರು.

“ಇನ್ಮೇಲೆ ನೋಡ್ಬೇಕು ಅನ್ನುಸ್ದಾಗ ಮನೆಗೇ ಬಂದ್ಬುಡು ಕಣವ್ವ,” ಎಂದರು ನನಗೆ. “ರಕ್ತ ಗಿಕ್ತ ಕೊಡೋದೇನೂ ಬ್ಯಾಡ.”

ಶ್ರಾವಣದಲ್ಲಿ ಗುಬ್ಬಿಯಲ್ಲೇ ಮದುವೆಯಾಯಿತು. ನಮಗೆ ಇನ್ನೂ ಎಣ್ಣೆ ಪದಾರ್ಥ ಬೇಡವೆಂದಿದ್ದರಿಂದ ಊರೆಲ್ಲ ನಮ್ಮ ಮದುವೆಯ ಬೋಂಡ ತಿನ್ನುವಾಗ ನಾವಿಬ್ಬರೂ ಮೊಸರನ್ನ ಉಂಡೆವು. ಡಾಕ್ಟರು ಪಥ್ಯ ಬಿಡಬಹುದು ಎಂದದ್ದು ನಾನು ಕುಣಿಗಲ್ಲಿಗೆ ಬಂದು ಕೆಲವು ವಾರಗಳಾದ ಮೇಲೆ. ಅವತ್ತು ಸಂಜೆ ಮಳೆ ಹಿಡಿದಿತ್ತು. ಅತ್ತೆ ಯಾರಿಗೂ ಹೇಳದೆ ಬಾಣಲೆ ಇಟ್ಟು ಮೆಣಸಿನಕಾಯಿ ಬಜ್ಜಿ ಕರಿದರು. ಮೊದಲನೆಯದನ್ನು ಊದಿ ಆರಿಸಿ ನನ್ನ ಕೈಗೆ ಹಾಕಿದರು. ಖಾರಕ್ಕೆ ನನ್ನ ಮೂಗಿನಲ್ಲಿ ನೀರು ಸುರಿಯುತ್ತಿದ್ದರೂ ಇನ್ನೊಂದು ಬೇಕು ಎಂದೆ. ಅತ್ತೆ ಮಗನ ತಟ್ಟೆಯಲ್ಲಿದ್ದದ್ದನ್ನು ಎತ್ತಿ ನನಗೆ ಕೊಟ್ಟರು.