ಶ್ರಾವಣದ ಉಪ್ಪು

ಅವ್ವನ ಕೆನ್ನೆಯೊಳಗಿನ ಗಂಟಿಗೆ ಆಪರೇಷನ್ ಆದ ಮೇಲೆ, ಕರೆಂಟ್ ಕೊಡುವ ಮೊದಲು ಡಾಕ್ಟರು ಅವಳನ್ನು ಅದೇ ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಕಳಿಸಿದರು. ರೇಡಿಯೇಷನ್ನಿಗೆ ನಮ್ಮ ಮನೆಯಲ್ಲಿ ಕರೆಂಟ್ ಎಂದೇ ಹೆಸರು. ದವಡೆಗೆ ಒಮ್ಮೆ ಕರೆಂಟ್ ಬಿದ್ದ ಮೇಲೆ ಹಲ್ಲು ಕೀಳುವುದು ಅಪಾಯ, ಎಲುಬು ಬೇಗ ಮಾಯುವುದಿಲ್ಲ, ಹುಳುಕು ಹಲ್ಲನ್ನೆಲ್ಲ ಈಗಲೇ ತೆಗೆಸಿಬಿಡಿ ಎಂದರು. ತೆಗೆಸಿದೆವು. ಅವ್ವ ವಿಜಯಪುರದ ಕಡೆಯವಳು. ಮದುವೆಯಾಗಿ ಮುಂಬಯಿಯ ಸಾಂತಾಕ್ರೂಜಿಗೆ ಬಂದ ಮೇಲೂ ದಿನಾ ಬೆಳಿಗ್ಗೆ ಮಿಶ್ರಿಯಿಂದಲೇ ಹಲ್ಲು ತಿಕ್ಕಿದವಳು. ತಂಬಾಕನ್ನು ಕರ್ರಗೆ ಹುರಿದು ಪುಡಿ ಮಾಡಿದರೆ ಅದೇ ಮಿಶ್ರಿ. ಆದರೂ ತಂಬಾಕಿನ ಚಟ ಇದೆಯೇ ಎಂದು ಕೇಳಿದ ಡಾಕ್ಟರಿಗೆಲ್ಲ ಅವಳು ಇಲ್ಲವೆಂದೇ ಹೇಳಿದಳು. ಹಲ್ಲು ತಿಕ್ಕುವುದನ್ನು ಯಾರಾದರೂ ಚಟ ಅನ್ನುತ್ತಾರೆಯೇ?

ಹಲ್ಲಿನ ಡಾಕ್ಟರು ಮರಾಠಿ ಹುಡುಗಿ. ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ಆಗಾಗ ಬಾಯಿ ಮುಕ್ಕಳಿಸಬೇಕು ಎಂದು ಅವ್ವನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದಳು. ಬಾಯಿ ಹೊಲಸಾದರೆ ಕರೆಂಟಿನಿಂದಾಗುವ ಹುಣ್ಣು ಕೆರಳುತ್ತವೆ, ಆಗ ಕರೆಂಟನ್ನು ನಡುವೆ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದಷ್ಟೂ ರೋಗ ಚಿಗುರಿಕೊಳ್ಳುತ್ತದೆ ಎಂದೂ ಹೇಳಿದಳು. ಆ ಮಾತು ಅವ್ವನ ಎದೆಯಲ್ಲಿ ನಾಟಿತು. ಮನೆಗೆ ಬಂದವಳೇ, ನಿಲ್ಲಬಾರದಂತೆ, ನಿಲ್ಲಬಾರದಂತೆ ಎಂದು ತನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದಳು.

ಕರೆಂಟ್ ಶುರುವಾಗಿ ಕೆಲವು ವಾರಗಳಲ್ಲಿ ಅವಳಿಗೆ ಎಂಜಲು ಬತ್ತಿತು, ರುಚಿ ಹೋಯಿತು, ನೀರು ನುಂಗುವುದೂ ಆಗದೆ ಮೂಗಿಗೆ ನಳಿಕೆ ಬಂತು. ನಳಿಕೆಯಲ್ಲಿ ಹಾಕುವ ಗಂಜಿಗೆ ಉಪ್ಪು ಬೇಡವೆಂದು ಒಂದು ದಿನ ಕೈಸನ್ನೆ ಮಾಡಿದಳು. ರುಚಿಯೇ ತಿಳಿಯದ ಮೇಲೆ ಉಪ್ಪೇಕೆ ಎಂದು ನಾನೂ ಹಾಕುವುದನ್ನು ಬಿಟ್ಟೆ. ಉಪ್ಪು, ಸೋಡಾದ ನೀರನ್ನು ಮಾತ್ರ ತಪ್ಪದೆ ಬಾಟಲಿಯಲ್ಲಿ ತುಂಬಿಟ್ಟು ವಿಲೆ ಪಾರ್ಲೆಯ ಆಫೀಸಿಗೆ ಓಡುತ್ತಿದ್ದೆ. ಸಂಜೆ ಬಂದಾಗ ಬಾಟಲಿ ಖಾಲಿ ಇರುತ್ತಿತ್ತು.

ಮುಂದಿನ ತಪಾಸಣೆಯಲ್ಲಿ ಡಾಕ್ಟರಮ್ಮ ಕೆನ್ನೆ ಸರಿಸಿ ನೋಡಿದವಳು ಮುಖ ಗಂಟಿಕ್ಕಿದಳು. ಒಳಗೆಲ್ಲ ಮೊಸರು ಬಳಿದಂತೆ ಬಿಳಿ ಪದರ.

"ಆಯೀ, ಕುಲ್ಲಾ ಕರ್ತೀ ಹೋ ನಾ?"

ಮುಕ್ಕಳಿಸುತ್ತಿದ್ದೇನೆ ಎಂದು ಅವ್ವ ತಲೆಯಾಡಿಸಿದಳು. ಡಾಕ್ಟರಮ್ಮ ಔಷಧಿ ಬರೆದುಕೊಟ್ಟು, ಇದು ಹೀಗೇ ಮುಂದುವರಿದರೆ ಕಷ್ಟ ಎಂದಳು.

ಆ ಭಾನುವಾರ ನಾನು ಮನೆಯಲ್ಲಿದ್ದೆ. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಅವ್ವ ಲೋಟದಲ್ಲಿದ್ದ ಉಪ್ಪುನೀರನ್ನು ಹಾಗೇ ಮೋರಿಗೆ ಚೆಲ್ಲಿ, ನಳದ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಿದಳು.

"ಅವ್ವಾ! ಏನ ಮಾಡಾಕತ್ತೀ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಅವಳಿಗೆ ಒಂದೊಂದು ಮಾತೂ ನೋವು. "ಶ್ರಾವಣಾ ಐತಿ. ಉಪ್ಪ ಬಿಟ್ಟೀನಿ."

ನನಗೆ ಪಿತ್ತ ನೆತ್ತಿಗೇರಿತು. "ಉಗುಳೋ ನೀರಿಗೆ ಎಂಥಾ ವ್ರತ? ಅದನ್ನೇನ ನುಂಗತೀಯೇನ?"

"ಬಾಯಾಗಂತೂ ಬರತೈತಲ್ಲ."

"ಯಾವ ದೇವರ ಕೇಳಿದ್ದ ನಿನ್ನ?"

ಅವಳು ಸ್ಟೂಲಿನ ಮೇಲೆ ಕುಕ್ಕರಿಸಿದಳು. "ಶ್ರಾವಣದಾಗ ಎಲ್ಲಾರೂ ಏನರ ಬಿಡತಾರ. ನಾ ಏನ ಬಿಡ್ಲಿ? ರೊಟ್ಟಿ ಹೋತು, ಅನ್ನಾ ಹೋತು, ಚಾ ಹೋತು. ನಾ ಬಿಟ್ಟಿದ್ದಲ್ಲ, ಅವ ತಾವ ಹೋದುವು. ಬಾಯಾಗ ಹಾಕ್ಕೋಳಾಕ ಉಳದಿದ್ದ ಈ ಉಪ್ಪನೀರ ಒಂದ." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. "ಕರೆಂಟ್ ನಡುವ ನಿಲ್ಲಬಾರದಂತ ಬೇಡ್ಕೊಂಡೀನಿ."

ಸಿಟ್ಟು ಎಲ್ಲಿಗೆ ಹೋಯಿತೋ, ನನಗೆ ಅಳು ಒತ್ತಿಕೊಂಡು ಬಂತು. ಯಾವುದು ನಿಲ್ಲಬಾರದೆಂದು ವ್ರತ ಹಿಡಿದಳೋ ಅದನ್ನೇ ಈ ವ್ರತ ನಿಲ್ಲಿಸುವುದರಲ್ಲಿತ್ತು. ಅದನ್ನು ಅವಳಿಗೆ ಹೇಗೆ ಹೇಳುವುದು? ಮರುದಿನ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಬರೀ ಸೋಡಾ ಹಾಕಿದ ನೀರೂ ನಡೆಯುತ್ತದೆ, ಮುಕ್ಕಳಿಸುವುದನ್ನು ಮಾತ್ರ ಬಿಡಿಸಬೇಡಿ ಎಂದಳು.

ಅವತ್ತಿನಿಂದ ಅವ್ವನ ಕಣ್ಣೆದುರೇ ಸೋಡಾ ಕಲಸುತ್ತಿದ್ದೆ. ಉಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಅವಳು ಒಂದು ಸಲವೂ ತಪ್ಪಿಸಲಿಲ್ಲ. ಕಣ್ಣಲ್ಲಿ ನೀರು ಬಂದರೂ ಲೋಟ ಮುಗಿಸಿಯೇ ಇಡುತ್ತಿದ್ದಳು. ಒಂದು ದಿನ ಸೆರಗು ಸರಿಸಿ ನನಗೂ ಬಾಯಿ ತೋರಿಸಿದಳು. ಮೊಬೈಲಿನ ಬೆಳಕಿನಲ್ಲಿ ನೋಡಿದೆ, ಬಹಳ ಹೊತ್ತು ನೋಡಲಾಗಲಿಲ್ಲ. ಇಂಥ ಬಾಯಲ್ಲೇ ಅವಳು ನನ್ನೊಡನೆ ಅಷ್ಟು ಮಾತಾಡಿದ್ದಳು.

ಆದರೆ ಹೊತ್ತು ಮೀರಿತ್ತು. ಮುಂದಿನ ಸಲ ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಕರೆಂಟಿನ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಹುಣ್ಣು ಇಳಿಯುವ ತನಕ ಕರೆಂಟ್ ಬೇಡ, ಕೆಲವು ದಿನ ಬಿಟ್ಟು ಮತ್ತೆ ಶುರು ಮಾಡೋಣ ಎಂದರು.

ಹೊರಗೆ ಬಂದೆ. ಅವ್ವ ಫೈಲನ್ನು ಎದೆಗವಚಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು.

"ಕರೆಂಟ್ ನಿಂತತೇನ?"

ನನ್ನ ನಾಲಿಗೆಗೆ ಲಗಾಮಿಲ್ಲ ಎಂದು ಆಫೀಸಿನಲ್ಲೂ ಆಡಿಕೊಳ್ಳುತ್ತಾರೆ. ಅವತ್ತು ಅದು ಹೇಗೋ ತಡೆದುಕೊಂಡಿತು.

"ಮಷೀನ್ ಕೆಟ್ಟೈತಂತ, ಅವ್ವಾ. ರಿಪೇರಿ ಆದಮ್ಯಾಲ ಕರೀತಾರಂತ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಭುಜ ಸಡಿಲವಾದವು.

"ಹಂಗಾರ ನನ್ನ ವ್ರತದಾಗೇನೂ ತಪ್ಪಾಗಿಲ್ಲ," ಎಂದು ನನ್ನ ಕೈ ಹಿಡಿದು ಎದ್ದಳು.