ಗಡುವು ಮುಗಿದ ಮೇಲಿನ ಬಾಡಿಗೆ

ಮನ್ಮನೆ ಊರಿನ ಚೌಡಮ್ಮನ ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಇವತ್ತು ಬೈದ ಮನೆಗೇ ನಾಳೆ ಮಜ್ಜಿಗೆ ಕೊಟ್ಟು ಬರುವ ಹೆಂಗಸು. ಕೆರಿಯ ಎಂಬ ಗಾರೆ ಕೆಲಸದ ಗಂಡ ಶಿರಸಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ತಾನೇ ಕಟ್ಟಿ, ಹಪ್ಪಳ ಮಾಡಿ ಮಾರುವ ಗೌರಕ್ಕನಿಗೆ ಬಾಡಿಗೆಗೆ ಕೊಟ್ಟು ಕಣ್ಣು ಮುಚ್ಚಿದ್ದ. ಹದಿನೆಂಟು ವರ್ಷ ಈ ಇಬ್ಬರು ಹೆಂಗಸರ ನಡುವೆ ಕರಾರಿನ ಚೀಟಿಯೂ ಇರಲಿಲ್ಲ, ಜಗಳವೂ ಇರಲಿಲ್ಲ.

ಆಮೇಲೆ ಮಗಳು ರೋಹಿಣಿಯ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಶಿರಸಿಯಲ್ಲಿ ಡಯಾಲಿಸಿಸ್. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ತಿರುಗಿ ಬರುವಾಗ ಹುಡುಗಿ ತಾಯಿಯ ಹೆಗಲ ಮೇಲೇ ವಾಂತಿ ಮಾಡಿಕೊಳ್ಳುತ್ತಿದ್ದಳು.

"ಅವ್ವಾ, ನಮ್ದೇ ಮನೆ ಅಲ್ಲಿದ್ದೂ ಎಂತಕ್ಕೆ ಈ ಬಸ್ಸು?"

ಚೌಡಮ್ಮ ಹೋಗಿ ಮನೆ ಬಿಟ್ಟುಕೊಡು ಎಂದು ಕೇಳಿದಳು. ಗೌರಕ್ಕ ಅತ್ತಳು. "ನಾ ಎಲ್ಲಿಗೆ ಹೋಗ್ಲಿ ಚೌಡಕ್ಕಾ? ಪೇಟೇಲಿ ನಂಗ್ಯಾರು ಮನೆ ಕೊಡ್ತಾರೆ?" ಅತ್ತಳೇ ಹೊರತು ಮನೆ ಬಿಡಲಿಲ್ಲ.

ಅಣ್ಣನ ಮಗ ಸಂಜಯ ಹಾರಾಡಿದ. "ಕರೆಂಟು ಕಿತ್ತು ಸಾಮಾನು ಬೀದಿಗೆ ಬಿಸಾಕನ, ಅತ್ತೆ."

"ಬಾಯಿ ಮುಚ್ಚ! ಅನ್ನ ಬೇಯೂ ಒಲೆ ಅದು. ಬಿಡಿಸಿದ್ರೆ ಕೋರ್ಟಲ್ಲೇ ಬಿಡಿಸ್ತೆ."

ವಕೀಲೆ ವಾಣಿಶ್ರೀ ಹದಿನೈದು ದಿನದ ಗಡುವು ಹಾಕಿ ನೋಟಿಸು ಕಳಿಸಿದಳು. "ಗಡುವು ಮುಗಿದ ಮೇಲೆ ಬಾಡಿಗೆ ಅಂತ ಒಂದು ರೂಪಾಯಿನೂ ಮುಟ್ಟಬೇಡಿ ಚೌಡಮ್ಮ. ಮುಟ್ಟಿದ್ರೆ ನೋಟಿಸು ಬಿದ್ದುಹೋಗ್ತದೆ" ಎಂದು ಎರಡೆರಡು ಸಲ ಹೇಳಿದಳು.

ಗಡುವು ಮುಗಿದ ಮುಂದಿನ ತಿಂಗಳು, ಶುಕ್ರವಾರ, ದೀಪ ಹಚ್ಚುವ ಹೊತ್ತಿಗೆ ಗೌರಕ್ಕ ಮನ್ಮನೆಗೇ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ವೀಳ್ಯದೆಲೆ, ಎಲೆಯ ಮೇಲೆ ಬಾಡಿಗೆ. ಆ ಹೊತ್ತಲ್ಲಿ ಹೊಸ್ತಿಲಿಗೆ ಬಂದ ಲಕ್ಷ್ಮಿಯನ್ನು ಯಾರಾದರೂ ತಿರುಗಿ ಕಳಿಸುತ್ತಾರೆಯೇ? ಅದೂ ಒಳಗೆ ಮಗಳು ಜ್ವರದಲ್ಲಿ ಮಲಗಿರುವಾಗ? ಚೌಡಮ್ಮ ಸೆರಗೊಡ್ಡಿದಳು. ವಕೀಲೆಯ ಮಾತು ಮರೆತಿತ್ತೆಂದಲ್ಲ. ದೇವರ ಮುಂದೆ ಕೋರ್ಟು ಯಾವ ಲೆಕ್ಕ ಅಂದುಕೊಂಡಳು. ಅಯ್ಯೋ, ಆ ಗಳಿಗೆಗೆ ಬೆಂಕಿ ಬೀಳಲಿ!

ದಾವೆ ಹೂಡಿದ ಮೇಲೆ ಎದುರು ವಕೀಲ ಕೋರ್ಟಿನಲ್ಲಿ ಕೇಳಿದ್ದೂ ಅದನ್ನೇ: ಗಡುವು ಮುಗಿದ ಮೇಲೆ ಬಾಡಿಗೆ ತಗೊಂಡಿದ್ದು ಹೌದೋ ಅಲ್ಲವೋ? ರಸೀದಿ ಇರಲಿಲ್ಲ. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ತಗಂಡೆ ಸ್ವಾಮಿ. ಸುಳ್ಳು ಎಂತಕ್ಕೆ ಹೇಳ್ಲಿ?" ಎಂದಳು ಈ ಪುಣ್ಯಾತ್ಗಿತ್ತಿ. ವಾಣಿಶ್ರೀ ಹಣೆ ಚಚ್ಚಿಕೊಂಡಳು.

ದಾವೆ ವಜಾ ಆಯಿತು. ಮತ್ತೆ ನೋಟಿಸು, ಮತ್ತೆ ದಾವೆ, ಮತ್ತೆ ತಾರೀಖು. ಒಂದೂವರೆ ವರ್ಷ ಅವೇ ಬಸ್ಸುಗಳು. ಒಂದು ಬೆಳಿಗ್ಗೆ ಸಿದ್ದಾಪುರ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರು ಇನ್ನೊಂದು ಗಾಡಿಗೆ ಕೈ ಅಡ್ಡ ಹಾಕುತ್ತಿರುವಾಗಲೇ ರೋಹಿಣಿ ತಾಯಿಯ ಹೆಗಲ ಮೇಲೆ ತಲೆಯಿಟ್ಟು ಕೊನೆಯುಸಿರು ಬಿಟ್ಟಳು. ಎಷ್ಟೋ ಹೊತ್ತಿನ ತನಕ ಚೌಡಮ್ಮ ಮಗಳು ನಿದ್ದೆ ಮಾಡುತ್ತಿದ್ದಾಳೆಂದೇ ತಿಳಿದಿದ್ದಳು.

ಐದು ತಿಂಗಳ ಮೇಲೆ ಡಿಕ್ರಿ ಬಂತು, ಚೌಡಮ್ಮನ ಪರವಾಗಿಯೇ. ಕೋರ್ಟಿನ ಅಮೀನ ಬರುವ ತನಕ ಕಾಯದೆ ಗೌರಕ್ಕ ತಾನಾಗಿ ಮನೆ ಖಾಲಿ ಮಾಡಿ, ಗುಡಿಸಿ, ಕೀಲಿಕೈ ಹಿಡಿದು ನಿಂತಿದ್ದಳು. "ನಾ ಅವತ್ತೇ ಬಿಟ್ಟಿದ್ರೆ..." ಎನ್ನುತ್ತ ಅದನ್ನು ಚೌಡಮ್ಮನ ಕೈಗಿಟ್ಟಳು.

ಚೌಡಮ್ಮ ಬೈಯಲಿಲ್ಲ. ಒಳಗೆ ಹೋಗಿ ಕಿಟಕಿ ತೆಗೆದಳು. ರಸ್ತೆಯಾಚೆ ಆಸ್ಪತ್ರೆಯ ಗೇಟು ಕಾಣುತ್ತಿತ್ತು.

"ನೋಡು ಗೌರಕ್ಕಾ" ಎಂದಳು. "ನಮ್ ಹುಡುಗಿ ನಡ್ಕಂಡೇ ಹೋಗಿ ಬತ್ತಿತ್ತು."